ನಾಲ್ಕು ನಿಮಿಷದ ಪರೀಕ್ಷೆ

ತಲೆಗೂದಲಿನ ಗಂಟಿಗೆ ಪಿನ್ನಿನ ಬದಲು ಸಣ್ಣ ಸ್ಕ್ರೂ ಎತ್ತುವ ಚಿಮಟ ಸಿಕ್ಕಿಸಿಕೊಂಡು ಓಡಾಡುವ ಹೆಂಗಸನ್ನು ಜನ ಇನ್ನೇನಂತ ಕರೆದಾರು? ಚಿಮಟಕ್ಕ ಅಂದರು. ಕಟ್ಟಡದ ಕಾವಲುಗಾರನಿಂದ ಹಿಡಿದು ಎದುರಿನ ಝೆರಾಕ್ಸ್ ಅಂಗಡಿಯವನವರೆಗೆ ಎಲ್ಲರ ಬಾಯಲ್ಲೂ ಅದೇ. ಒಡಹುಟ್ಟಿದ ಅಣ್ಣ ಮಾತ್ರ ಆ ‘ಅಕ್ಕ’ನ್ನೂ ಕಿತ್ತುಹಾಕಿ ಬರೀ ‘ಚಿಮಟ’ ಅನ್ನುತ್ತಿದ್ದ. ಅಂಗಡಿ ಅವನದು, ಬಾಯಿಯೂ ಅವನದೇ.

ಕಂಪ್ಯೂಟರ್ ಜೋಡಿಸಿ ಮಾರುವ ಅಂಗಡಿ. ನೆಲಮಾಳಿಗೆಯಲ್ಲಿತ್ತು. ಮುಂದೆ ಗಾಜಿನ ಕೌಂಟರು, ತಣ್ಣನೆ ಗಾಳಿ, ನಗುನಗುತ್ತಾ ಅಣ್ಣ. ಹಿಂದೆ ಪ್ಲೈವುಡ್ಡಿನ ಗೋಡೆ, ಅದರಲ್ಲಿ ಕಂಪ್ಯೂಟರಿನ ಒಂದು ಕ್ಯಾಬಿನೆಟ್ ತೂರುವಷ್ಟು ಕಿಂಡಿ. ಕಿಂಡಿಯ ಆಚೆ ಚಿಮಟಕ್ಕ. ಅಣ್ಣ ಬಿಡಿಭಾಗಗಳ ಡಬ್ಬಗಳನ್ನು ಒಳಗೆ ತಳ್ಳುತ್ತಿದ್ದ, ಒಂದೂವರೆ ಗಂಟೆಗೆಲ್ಲಾ ಜೋಡಿಸಿದ ಡೆಸ್ಕ್‌ಟಾಪು ಹೊರಗೆ ಬರುತ್ತಿತ್ತು. ಹತ್ತೊಂಬತ್ತು ವರ್ಷದಿಂದ ಹೀಗೇ. ಒಳಗೊಬ್ಬಳು ಹೆಂಗಸು ಕೂತು ಇದನ್ನೆಲ್ಲ ಮಾಡುತ್ತಾಳೆ ಅಂತ ಗಿರಾಕಿಗಳಿಗೆ ಗೊತ್ತಿರಲಿಲ್ಲ. ಗೊತ್ತಾಗುವುದು ಬೇಡ ಅಂತಲೇ ಅವನು ಕಿಂಡಿ ಮಾಡಿಸಿದ್ದು.

ಅವರಪ್ಪ ರೇಡಿಯೊ ರಿಪೇರಿಯವರು. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಅವನು ಹತ್ತೇ ನಿಮಿಷಕ್ಕೆ ಬೀದಿಗೆ ಓಡುತ್ತಿದ್ದ. ಮಗಳನ್ನು ಯಾರೂ ಕೂರಿಸಿಕೊಳ್ಳಲಿಲ್ಲ, ಅವಳೇ ಬಂದು ಕೂತಳು, ಎದ್ದು ಹೋಗಲಿಲ್ಲ. ಹನ್ನೆರಡು ವರ್ಷಕ್ಕೆ ಬೆಸುಗೆ ಹಾಕುವುದರಲ್ಲಿ ಎತ್ತಿದ ಕೈ. ಅಪ್ಪ ಹೋಗುವಾಗ ಅಂಗಡಿಯನ್ನು ಮಗನ ಹೆಸರಿಗೆ ಬರೆದರು, ಮಗಳನ್ನು ಮಗನ ಕೈಗಿಟ್ಟರು. ಎರಡನ್ನೂ ಅವನು ಒಂದೇ ಥರ ನೋಡಿಕೊಂಡ.

ಮದುವೆಯ ಮಾತು ಬರಲಿಲ್ಲ ಅಂತಲ್ಲ, ಬಂತು. ಶಾಲೆಯ ಗುಮಾಸ್ತನೊಬ್ಬ, ಮೆತ್ತನೆ ಮಾತಿನವನು, ಎರಡು ಸಲ ಮನೆಗೂ ಬಂದು ಹೋದ. ಈ ದೊಡ್ಡ ಆರ್ಡರ್ ಮುಗೀಲಿ ಅಂದ ಅಣ್ಣ. ಅದು ಮುಗಿಯುವಷ್ಟರಲ್ಲಿ ಇನ್ನೊಂದು ಆರ್ಡರ್. ಗುಮಾಸ್ತ ಕಾದು ಕಾದು ಬೇರೆ ಕಡೆ ಮಾಡಿಕೊಂಡ. ಆಮೇಲೆ ನೆಂಟರು ಕೇಳಿದರೆ, ‘ಅವಳಿಗೇ ಮನಸ್ಸಿಲ್ಲ ಕಣ್ರೀ, ಯಂತ್ರ ಕಂಡರೆ ಗಂಡನ್ನ ಕಂಡ ಹಾಗೆ ಮಾಡ್ತಾಳೆ’ ಅಂತ ಅಣ್ಣ ನಗುತ್ತಿದ್ದ, ನೆಂಟರೂ ನಗುತ್ತಿದ್ದರು. ಚಿಮಟಕ್ಕ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಈಗ ಅವಳಿಗೆ ನಲವತ್ತಮೂರು.

ಮನೆಯಲ್ಲಿ ಅವಳು ಮಲಗುತ್ತಿದ್ದ ಕೋಣೆ ನಿಜಕ್ಕೂ ಅಂಗಡಿಯ ಗೋದಾಮು. ಸೂರಿನವರೆಗೆ ರಟ್ಟಿನ ಪೆಟ್ಟಿಗೆ, ನಡುವೆ ಒಂದು ಮಂಚ. ಬಾಗಿಲಿಗೆ ಒಳಗಿನಿಂದ ಚಿಲಕವಿರಲಿಲ್ಲ. ಮೊದಲಿತ್ತು, ಅತ್ತಿಗೆ ತೆಗೆಸಿದಳು. ‘ಯಾವಾಗ ಯಾವ ಸಾಮಾನು ಬೇಕಾಗುತ್ತೋ, ಪ್ರತಿಸಲ ನಿನ್ನ ಬಾಗಿಲು ಬಡೀತಾ ನಿಲ್ಲೋಕಾಗುತ್ತಾ?’ ಅಂದಿದ್ದಳು. ಸೀರೆ ಉಡುತ್ತಿರುವಾಗಲೂ ಅಣ್ಣ ‘ಕಣ್ಮುಚ್ಕೊಂಡಿದೀನಿ, ಒಂದು ಕೀಬೋರ್ಡ್ ಬೇಕಿತ್ತು’ ಅಂತ ನುಗ್ಗುತ್ತಿದ್ದ. ಚಿಮಟಕ್ಕನಿಗೆ ಬದುಕಿನಲ್ಲಿ ಬೇಕಿದ್ದದ್ದು ದೊಡ್ಡದೇನಲ್ಲ ನೋಡಿ, ಒಳಗಿನಿಂದ ಹಾಕಿಕೊಳ್ಳುವ ಒಂದು ಚಿಲಕ.

ಇನ್ನು ಅಣ್ಣನ ವ್ಯಾಪಾರದ ಗುಟ್ಟು. ಡೆಸ್ಕ್‌ಟಾಪ್ ಕೊಳ್ಳಲು ಬಂದವರು ಮೊದಲು ಕೇಳುವುದು ಪ್ರೊಸೆಸರ್ ಯಾವುದು ಅಂತ. ಅದರ ಹೆಸರು ಪತ್ರಿಕೆಯಲ್ಲಿ ಬರುತ್ತೆ, ಪಕ್ಕದ ಮನೆಯವರ ಬಾಯಲ್ಲಿ ಬರುತ್ತೆ, ಕ್ಯಾಬಿನೆಟ್ಟಿನ ಮುಂದೆ ಅದರದೇ ಹೊಳೆಯುವ ಸ್ಟಿಕ್ಕರು. ಉಳಿದೆಲ್ಲ ಭಾಗಗಳೂ ಕೂರುವ ಮದರ್‌ಬೋರ್ಡ್ ಯಾವುದು ಅಂತ ಕೇಳುವವನು ನೂರಕ್ಕೊಬ್ಬ. ಹಾಗಾಗಿ ಅಣ್ಣ ಪ್ರೊಸೆಸರ್ ದೊಡ್ಡದನ್ನೇ ಹಾಕಿಸುತ್ತಿದ್ದ, ಬೋರ್ಡು ಮಾತ್ರ ಮಾರುಕಟ್ಟೆಯಲ್ಲಿ ಅದಕ್ಕಿಂತ ಅಗ್ಗದ್ದು ಇನ್ನೊಂದಿಲ್ಲ ಅನ್ನುವಂಥದ್ದು. ಯಾರಾದರೂ ಅಪ್ಪಿತಪ್ಪಿ ಕೇಳಿದರೆ ಉತ್ತರ ಸಿದ್ಧ: ‘ಅದು ಬರೀ ಹಲಗೆ ಸಾರ್. ಕೆಲಸ ಮಾಡೋದು ಪ್ರೊಸೆಸರ್. ಹಲಗೆ ಯಾವ್ದಾದ್ರೇನು?’

ಹಲಗೆ ಯಾವುದಾದರೇನು ಅನ್ನುವುದು ಚಿಮಟಕ್ಕನ ಬೆರಳಿಗೆ ಗೊತ್ತಿತ್ತು. ಪ್ರೊಸೆಸರಿಗೆ ಬೇಕಾದ ಕರೆಂಟು ಅದರ ಪಕ್ಕದಲ್ಲೇ ಬೋರ್ಡಿನ ಮೇಲೆ ಸಾಲಾಗಿ ಕೂತಿರುವ ಪುಟಾಣಿ ಕರಿ ಬಿಲ್ಲೆಗಳ ಮೂಲಕ ಹೋಗಬೇಕು. ಒಳ್ಳೆ ಬೋರ್ಡಿನಲ್ಲಿ ಅವು ಹತ್ತು ಹನ್ನೆರಡು ಇರುತ್ತವೆ, ಬಿಸಿ ಹೀರಲು ಮೇಲೊಂದು ಲೋಹದ ಹೊದಿಕೆ. ಅಗ್ಗದ ಬೋರ್ಡಿನಲ್ಲಿ ನಾಲ್ಕೇ, ಅವೂ ಬರೀ ಮೈಯಲ್ಲಿ. ದೊಡ್ಡ ಪ್ರೊಸೆಸರ್ ಮೈಮುರಿದು ದುಡಿಯಲು ಶುರುಮಾಡಿದರೆ ಆ ನಾಲ್ಕೂ ಕಾದು ಕೆಂಡವಾಗುತ್ತವೆ. ಆಗ ಬೋರ್ಡು ತನ್ನ ಜೀವ ಉಳಿಸಿಕೊಳ್ಳಲು ಪ್ರೊಸೆಸರಿನ ಕತ್ತು ಹಿಡಿಯುತ್ತದೆ. ವೇಗ ಅರ್ಧಕ್ಕೆ ಇಳಿಯುತ್ತದೆ. ಪ್ರೊಸೆಸರಿನದು ಏನೂ ತಪ್ಪಿಲ್ಲ, ಸ್ಟಿಕ್ಕರಿನಲ್ಲೂ ಸುಳ್ಳಿಲ್ಲ.

ಇದನ್ನು ಅವಳು ಆರು ವರ್ಷದ ಹಿಂದೆಯೇ ಕಂಡುಹಿಡಿದು, ಗಡಿಯಾರ ಇಟ್ಟುಕೊಂಡು ನೋಡಿ, ಹಿರಿಹಿರಿ ಹಿಗ್ಗಿ ಅಣ್ಣನಿಗೆ ಹೇಳಿದ್ದಳು. ಐದು ನಿಮಿಷದವರೆಗೆ ಚೆನ್ನಾಗಿ ಓಡುತ್ತೆ, ಆರನೇ ನಿಮಿಷಕ್ಕೆ ಬಿದ್ದುಹೋಗುತ್ತೆ, ಬೇರೆ ಬೋರ್ಡು ತರಿಸೋಣ ಅಂತ. ಅಣ್ಣ ಮೊಟ್ಟಮೊದಲ ಸಲ ಅವಳ ಮಾತನ್ನು ಪೂರ್ತಿ ಕೇಳಿದ. ‘ಆರನೇ ನಿಮಿಷಕ್ಕಾ? ಖಂಡಿತಾನಾ?’ ಅಂತ ಎರಡೆರಡು ಸಲ ಕೇಳಿದ. ಮರುವಾರ ಕೌಂಟರಿನ ಮೇಲೆ ದೊಡ್ಡ ಪರದೆ ಬಂತು. ಅಂದಿನಿಂದ ಪ್ರತಿ ಗಿರಾಕಿಯ ಕಣ್ಣೆದುರೇ ಯಂತ್ರವನ್ನು ಪೂರ್ತಿ ವೇಗದಲ್ಲಿ ಓಡಿಸಿ ತೋರಿಸುವ ಪದ್ಧತಿ ಶುರುವಾಯಿತು. ಪರದೆಯ ಮೇಲೆ ಅಂಕಿ ಏರುತ್ತಿತ್ತು, ಗಿರಾಕಿಯ ಮುಖ ಅರಳುತ್ತಿತ್ತು. ಪರೀಕ್ಷೆ ಸರಿಯಾಗಿ ನಾಲ್ಕು ನಿಮಿಷ. ನಿಲ್ಲಿಸುವ ಗುಂಡಿ ಒಳಗೆ, ಚಿಮಟಕ್ಕನ ಮೇಜಿನ ಮೇಲೆ.

ಬೇಡ ಅನ್ನಬಹುದಿತ್ತಲ್ಲ ಅಂತೀರಿ. ಒಂದು ಸಲ ಅಂದಳು. ಅವತ್ತು ಸಂಜೆ ಮನೆಗೆ ಹೋದಾಗ ಅವಳ ಮಂಚ ವರಾಂಡದಲ್ಲಿತ್ತು. ಹೊಸ ಸಾಮಾನು ಬಂದಿದೆ, ಕೋಣೆಯಲ್ಲಿ ಜಾಗವಿಲ್ಲ ಅಂದಳು ಅತ್ತಿಗೆ. ಹನ್ನೊಂದು ದಿನ ಅವಳು ಬೀದಿಗೆ ಕಾಣುವ ಹಾಗೆ ವರಾಂಡದಲ್ಲಿ ಮಲಗಿದಳು. ಹನ್ನೆರಡನೇ ದಿನ ಗುಂಡಿ ಒತ್ತಿದಳು, ಮಂಚ ಒಳಗೆ ಬಂತು.

ಇಂಜಿನಿಯರ್ ಸಾಹೇಬರು ಬಂದ ದಿನ ಅಣ್ಣ ಊಟಕ್ಕೆ ಹೋಗಿದ್ದ. ಕಟ್ಟಡಗಳ ನಕ್ಷೆ ಮಾಡಿಕೊಡುವ ಆಫೀಸು ಅವರದು. ಏಳು ಯಂತ್ರಗಳನ್ನು ಇದೇ ಅಂಗಡಿಯಿಂದ ಕೊಂಡಿದ್ದರು. ಅವತ್ತು ಒಂದು ಕ್ಯಾಬಿನೆಟ್ಟನ್ನು ಕಂಕುಳಲ್ಲಿ ಹೊತ್ತು ಬಂದು, ಕೌಂಟರಿನಲ್ಲಿ ಯಾರೂ ಇಲ್ಲದ್ದನ್ನು ನೋಡಿ, ಕಿಂಡಿಯಲ್ಲಿ ಇಣುಕಿದರು. ಚಿಮಟಕ್ಕ ಗಾಬರಿಯಲ್ಲಿ ಎದ್ದು ನಿಂತಳು. ಯಂತ್ರ ಆನ್ ಆಗುತ್ತಿಲ್ಲ ಅಂದರು. ಅವಳು ಅದನ್ನು ಅಲ್ಲಾಡಿಸಿ ಕಿವಿಗೊಟ್ಟು ಕೇಳಿ, ಮುಚ್ಚಳ ತೆಗೆದು, ತಲೆಯಿಂದ ಚಿಮಟ ಕಿತ್ತು, ಒಳಗೆ ಬಿದ್ದಿದ್ದ ಒಂದು ಸ್ಕ್ರೂ ಎತ್ತಿ ಅವರ ಅಂಗೈಗಿಟ್ಟಳು. ಯಂತ್ರ ಆನ್ ಆಯಿತು. ಒಂದು ನಿಮಿಷವೂ ಆಗಿರಲಿಲ್ಲ.

ಸಾಹೇಬರು ಗಟ್ಟಿಗರು, ನೇರ ಮಾತಿನವರು. ಇಷ್ಟು ವರ್ಷ ಈ ಯಂತ್ರಗಳನ್ನು ಜೋಡಿಸಿದ್ದು ಯಾರು ಅಂತ ಕೇಳಿದರು. ನಾನೇ ಅಂದಳು. ಸಂಬಳ ಎಷ್ಟು ಅಂತ ಕೇಳಿದರು. ಅವಳಿಗೆ ನಗು ಬಂತು. ಅವರಿಗೆ ಬರಲಿಲ್ಲ. ನಮ್ಮ ಆಫೀಸಿಗೆ ಯಂತ್ರ ನೋಡಿಕೊಳ್ಳುವವರು ಬೇಕು, ಕೆಲಸದ ಜೊತೆ ಹಿತ್ತಿಲ ಕಡೆ ಒಂದು ಕೋಣೆಯೂ ಇದೆ ಅಂದರು. ಆಗ ಅವಳು ಕೇಳಿದ ಪ್ರಶ್ನೆ ಒಂದೇ.

‘ಕೋಣೆಗೆ ಒಳಗಿನಿಂದ ಚಿಲಕ ಇದೆಯಾ ಸಾರ್?’

ಸಾಹೇಬರು ಅವಳನ್ನೊಮ್ಮೆ ನೋಡಿ, ಇದೆ ಅಂದರು. ಆದರೆ ವ್ಯವಹಾರದ ಮನುಷ್ಯ, ಸುಮ್ಮನೆ ಯಾರನ್ನೂ ತೆಗೆದುಕೊಳ್ಳುವವರಲ್ಲ. ಮೊದಲು ಒಂದು ಯಂತ್ರವನ್ನು ನಿನಗೆ ಸರಿ ಕಂಡ ಹಾಗೆ ಜೋಡಿಸಿ ತಗೊಂಡು ಬಾ, ಪ್ರೊಸೆಸರ್ ಮಾತ್ರ ನಮ್ಮಲ್ಲಿರುವಂಥದ್ದೇ ಇರಲಿ ಅಂದರು. ನಮ್ಮ ಅತಿ ದೊಡ್ಡ ನಕ್ಷೆಯನ್ನು ಕಟ್ಟಡದ ಚಿತ್ರವಾಗಿ ಮೂಡಿಸುವ ಕೆಲಸವನ್ನು ಅದರಲ್ಲಿ ಬೆಳಗಿನಿಂದ ಸಂಜೆವರೆಗೆ ಓಡಿಸೋಣ, ತಡೆದುಕೊಂಡರೆ ಮರುದಿನವೇ ಗಂಟುಮೂಟೆ ಕಟ್ಟಿಕೊಂಡು ಬಂದುಬಿಡು. ಅಷ್ಟರಲ್ಲಿ ಅಣ್ಣ ಊಟ ಮುಗಿಸಿ ಬಂದ. ಸಾಹೇಬರು ಮುಚ್ಚುಮರೆಯಿಲ್ಲದೆ ಅವನಿಗೂ ಹೇಳಿದರು.

ಅಣ್ಣ ಕೂಗಾಡುತ್ತಾನೆ ಅಂದುಕೊಂಡಿದ್ದಳು ಅವಳು. ಅವನೋ ಕರಗಿ ನೀರಾದ. ನನ್ನ ತಂಗಿ ಉದ್ಧಾರ ಆಗುವುದಕ್ಕಿಂತ ನನಗೇನು ಬೇಕು ಸಾರ್ ಅಂದ. ಅವರು ಹೋದ ಮೇಲೆ ಬೀರುವಿನ ಬೀಗದ ಕೈ ಅವಳ ಮುಂದಿಟ್ಟು, ಇರುವುದರಲ್ಲೇ ಅತಿ ಒಳ್ಳೆ ಬೋರ್ಡು ನೀನೇ ಆರಿಸಿಕೋ ಅಂದ. ಅವಳಿಗೆ ಕಣ್ಣು ತುಂಬಿ ಬಂತು. ಏನೇ ಆಗಲಿ ಒಡಹುಟ್ಟಿದವನು, ಇಷ್ಟು ವರ್ಷ ತಪ್ಪು ತಿಳಿದುಕೊಂಡಿದ್ದೆನಲ್ಲಾ ಅಂತ ತನ್ನನ್ನೇ ಬೈದುಕೊಂಡಳು. ಪೆದ್ದಿ.

ಆ ಯಂತ್ರವನ್ನು ಅವಳು ಎರಡು ದಿನ ಜೋಡಿಸಿದಳು. ಒಂದೊಂದು ತಂತಿಯನ್ನೂ ಜಡೆ ಹೆಣೆದ ಹಾಗೆ ಓರಣ ಮಾಡಿದಳು. ಗುರುವಾರ ಬೆಳಿಗ್ಗೆ ಅಣ್ಣ ತಂಗಿ ಇಬ್ಬರೂ ಅದನ್ನು ಹೊತ್ತುಕೊಂಡು ಆಫೀಸಿಗೆ ಹೋದರು. ದೊಡ್ಡ ಹಾಲು, ಏಳು ಮೇಜು, ಆರು ಜನ. ಒಂದು ಮೇಜು ಖಾಲಿ. ಸಾಹೇಬರು ಮೊದಲು ಹಿಂದಿನ ಕೋಣೆ ತೋರಿಸಿದರು. ಸಣ್ಣದು, ಸುಣ್ಣ ಬಳಿದದ್ದು, ಕಿಟಕಿಯಲ್ಲಿ ಪಕ್ಕದ ಕಟ್ಟಡದ ನೀರಿನ ತೊಟ್ಟಿ ಕಾಣುತ್ತಿತ್ತು. ಚಿಮಟಕ್ಕ ಯಾರೂ ನೋಡದಾಗ ಚಿಲಕ ಒಮ್ಮೆ ಹಾಕಿ ತೆಗೆದಳು.

ಒಂಬತ್ತೂವರೆಗೆ ನಕ್ಷೆ ಓಡಲು ಶುರುವಾಯಿತು. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಒಂದು ಗಂಟೆ. ವೇಗ ಒಂದಿಷ್ಟೂ ಕದಲಲಿಲ್ಲ. ಸಂಜೆವರೆಗೆ ಕಾಯಬೇಕಾಗಿಯೇ ಬರಲಿಲ್ಲ, ಹನ್ನೆರಡೂಕಾಲಿಗೆ ನಕ್ಷೆ ಪೂರ್ತಿ ಮುಗಿದು ಪರದೆಯ ಮೇಲೆ ನಿಂತಿತ್ತು. ಆರು ಜನವೂ ಕೆಲಸ ಬಿಟ್ಟು ಸುತ್ತ ಬಂದು ನಿಂತರು. ನಮಗೆ ಇದಕ್ಕೆ ಇಡೀ ದಿನ ಹಿಡಿಯುತ್ತದಲ್ಲ ಅಂದಳು ಒಬ್ಬಳು, ಕನ್ನಡಕದ ಹುಡುಗಿ. ಸಾಹೇಬರು ಹುಬ್ಬೇರಿಸಿದರು.

‘ಪ್ರೊಸೆಸರ್ ನಮ್ಮಲ್ಲಿರೋದೇ ತಾನೇ? ಮತ್ತೆ ಇದು ಹೇಗೆ?’

ಅಯ್ಯೋ, ಅಲ್ಲಿ ಸುಮ್ಮನಿರಬೇಕಿತ್ತು ಅವಳು. ಗೊತ್ತಿಲ್ಲ ಸಾರ್ ಅಂದಿದ್ದರೆ ಆಗಿತ್ತು. ಆದರೆ ಹತ್ತೊಂಬತ್ತು ವರ್ಷ ಕಿಂಡಿಯ ಹಿಂದೆ ಕೂತವಳನ್ನು ಏಳು ಜನ ಸುತ್ತ ನಿಂತು, ಬಾಯಿ ತೆರೆದು ನೋಡುತ್ತಿದ್ದರು. ಅವಳ ಎದೆ ಉಬ್ಬಿತು. ಎಲ್ಲಾ ಬೋರ್ಡಿನಲ್ಲಿದೆ ಸಾರ್, ಬೋರ್ಡು ಸರಿಯಿಲ್ಲದಿದ್ದರೆ ಎಂಥ ಪ್ರೊಸೆಸರೂ ಅರ್ಧವೇ ಓಡುವುದು ಅಂತ ಶುರುಮಾಡಿದಳು. ಖಾಲಿ ಮೇಜಿನ ಹಳೆ ಯಂತ್ರದ ಮುಚ್ಚಳ ಬಿಚ್ಚಿದಳು, ಅದರಲ್ಲೂ ಅದೇ ನಕ್ಷೆ ಓಡಿಸಿದಳು. ಆರನೇ ನಿಮಿಷಕ್ಕೆ ವೇಗ ಬಿತ್ತು. ಸಾಹೇಬರ ಕೈ ಹಿಡಿದು, ಆ ನಾಲ್ಕು ಬಿಲ್ಲೆಗಳ ಹತ್ತಿರ ಬೆರಳು ಒಯ್ದು, ಶಾಖ ನೋಡಿ ಸಾರ್ ಅಂದಳು. ಸಾಹೇಬರು ಬೆರಳನ್ನು ಹಿಂದಕ್ಕೆಳೆದುಕೊಂಡರು. ಅವಳು ನಗುತ್ತಿದ್ದಳು. ಅಷ್ಟು ಚೆನ್ನಾಗಿ ಅವಳು ಜನ್ಮದಲ್ಲಿ ಯಾವತ್ತೂ ಮಾತಾಡಿರಲಿಲ್ಲ.

ಸಾಹೇಬರು ನಗಲಿಲ್ಲ. ಕೊಳ್ಳುವಾಗ ಅಂಗಡಿಯಲ್ಲಿ ಓಡಿಸಿ ತೋರಿಸಿದಿರಲ್ಲ, ಆಗ ಯಾಕೆ ಬೀಳಲಿಲ್ಲ ಅಂತ ಕೇಳಿದರು. ಪರೀಕ್ಷೆ ನಾಲ್ಕೇ ನಿಮಿಷ ಸಾರ್ ಅಂದಳು. ಅಂದ ಮೇಲಷ್ಟೇ ತಾನು ಏನಂದೆ ಅಂತ ಅವಳಿಗೆ ಹೊಳೆಯಿತು.

‘ನಾಲ್ಕು ನಿಮಿಷ ಸಾಕು ಅಂತ ಕಂಡುಹಿಡಿದವರು ಯಾರು?’

‘ಆರು ವರ್ಷದ ಹಿಂದೆ ಹೊತ್ತು ನೋಡಿದ್ದು ನಾನೇ ಸಾರ್. ಆದ್ರೆ ಬೋರ್ಡ್ ಆರಿಸೋದು ಅಣ್ಣ. ನಾನು ಬೇಡ ಅಂದಿದ್ದೆ.’

ಎಲ್ಲರೂ ಅಣ್ಣನ ಕಡೆ ತಿರುಗಿದರು. ಅಣ್ಣ ಗೋಡೆಗೊರಗಿ ಕೈಕಟ್ಟಿ ನಿಂತಿದ್ದ, ನೊಂದವನ ಮುಖ.

‘ಸಾರ್, ನಾನು ಕೌಂಟರಿನಲ್ಲಿ ಕೂರೋನು. ನನಗೆ ಬೋರ್ಡಿನ ತಲೆಬುಡ ಗೊತ್ತಿಲ್ಲ. ಇಷ್ಟು ಹೊತ್ತು ನಿಮಗೆ ಪಾಠ ಹೇಳಿದ್ದು ಯಾರು, ನಾನಾ ಅವಳಾ?’

ಅವಳಿಗೆ ಗೊತ್ತಿತ್ತು ಅನ್ನುವುದನ್ನು ಅವಳೇ ಮುಕ್ಕಾಲು ಗಂಟೆ ಸಾಧಿಸಿ ತೋರಿಸಿದ್ದಳು. ಸಾಹೇಬರು ಮುಚ್ಚಳ ಬಿಚ್ಚಿದ ಯಂತ್ರವನ್ನೇ ನೋಡುತ್ತಾ ನಿಂತರು. ಆಮೇಲೆ, ಇದು ಯಾರ ಮೇಜು ಗೊತ್ತಾ ಅಂತ ಕೇಳಿದರು. ಅವಳಿಗೆ ಗೊತ್ತಿರಲಿಲ್ಲ. ಅವರೇ ಹೇಳಿದರು. ಆಫೀಸಿನ ಹಿರಿಯ ನಕ್ಷೆಗಾರನದು. ಐವತ್ತೆಂಟು ವರ್ಷದ ಮನುಷ್ಯ, ಆಫೀಸು ಶುರುವಾದಾಗಿನಿಂದ ಇದ್ದವನು. ದೊಡ್ಡ ನಕ್ಷೆಗಳೆಲ್ಲ ಅವನ ಪಾಲಿಗೇ. ಈ ಯಂತ್ರ ಅವನ ಮೇಜಿಗೆ ಬಂದ ಮೇಲೆ, ಒಂದು ವರ್ಷದಿಂದ, ಅವನ ಕೆಲಸ ಹಿಂದೆ ಬೀಳತೊಡಗಿತ್ತು. ಯಂತ್ರ ಸ್ವಲ್ಪ ಹೊತ್ತು ಓಡಿ ಆಮೇಲೆ ಕುಂಟುತ್ತೆ ಸಾರ್ ಅನ್ನುತ್ತಿದ್ದ. ಅಂಗಡಿಗೆ ಫೋನ್ ಮಾಡಿ ಕೇಳಿದರೆ, ಯಂತ್ರ ಕಲ್ಲುಗುಂಡಿನ ಹಾಗಿದೆ, ಕೂತವರದೇ ತೊಂದರೆ ಇರಬೇಕು ಅಂದರಂತೆ.

‘ನಾನು ಅವನಿಗೆ ಎಲ್ಲರೆದುರು ಅಂದೆ, ಕುಂಟ್ತಾ ಇರೋದು ಯಂತ್ರ ಅಲ್ಲ, ನೀನು ಅಂತ. ಹೋದ ತಿಂಗಳು ಮನೆಗೆ ಕಳಿಸಿದೆ. ಅಳ್ತಾ ಹೋದ.’ ಸಾಹೇಬರ ದನಿ ಸಣ್ಣದಾಗಿತ್ತು. ‘ನಿನಗೆ ಆರು ವರ್ಷದಿಂದ ಗೊತ್ತಿತ್ತು.’

ಚಿಮಟಕ್ಕ ವರಾಂಡದ ಕಥೆ ಹೇಳಬೇಕು ಅಂತ ಬಾಯಿ ತೆರೆದಳು. ಮಂಚ, ಹನ್ನೊಂದು ದಿನ, ಬೀದಿ. ಆ ಆರು ಮುಖಗಳನ್ನು ನೋಡಿದಳು. ಅವರೆಲ್ಲ ಒಬ್ಬ ಮುದುಕ ಅಳುತ್ತಾ ಹೋದದ್ದನ್ನು ಕಂಡವರು, ಇವಳ ಮಂಚ ಅವರಿಗೇನು? ಬಾಯಿ ಮುಚ್ಚಿದಳು. ಮೈಯೆಲ್ಲ ನಾಚಿಕೆಯಿಂದ ಉರಿಯುತ್ತಿತ್ತು.

ಮುಂದಿನದೆಲ್ಲ ಬೇಗ ಮುಗಿಯಿತು. ನಿನ್ನಂಥವಳನ್ನು ನನ್ನ ಆಫೀಸಿನೊಳಗೆ ಇಟ್ಟುಕೊಳ್ಳುವುದಕ್ಕಾಗುವುದಿಲ್ಲ ಅಂದರು ಸಾಹೇಬರು. ಅಣ್ಣ ತಲೆತಗ್ಗಿಸಿ, ತಂಗಿ ಮಾಡಿದ ತಪ್ಪು ನನ್ನದೇ ತಪ್ಪು ಸಾರ್, ಏಳಕ್ಕೂ ಒಳ್ಳೆ ಬೋರ್ಡು ನಾನೇ ನಿಂತು ಹಾಕಿಸಿಕೊಡುತ್ತೇನೆ ಅಂದ. ಸಾಹೇಬರಿಗೆ ಅವನ ದೊಡ್ಡತನ ಹಿಡಿಸಿತು. ಇಬ್ಬರೂ ಒಳಗಿನ ಕೋಣೆಯಲ್ಲಿ ಕೂತು ಚಹಾ ಕುಡಿದರು. ಚಿಮಟಕ್ಕ ಬಿಚ್ಚಿದ ಮುಚ್ಚಳವನ್ನು ಮತ್ತೆ ಹಾಕಿ ಸ್ಕ್ರೂ ತಿರುಗಿಸುತ್ತಿದ್ದಳು. ಯಾರೂ ಅವಳ ಹತ್ತಿರ ಬರಲಿಲ್ಲ.

ದಾರಿಯಲ್ಲಿ ಅಣ್ಣ ಸಿಳ್ಳೆ ಹಾಕುತ್ತಾ ನಡೆದ. ಅಂಗಡಿಯ ಮೆಟ್ಟಿಲು ಬಂದಾಗ ನಿಂತ.

‘ಬೀರುವಿನ ಬೀಗದ ಕೈ ಯಾಕೆ ಕೊಟ್ಟೆ ಅಂದ್ಕೊಂಡೆ? ಕೆಟ್ಟ ಬೋರ್ಡ್ ಕೊಟ್ಟಿದ್ರೆ ನನ್ನ ಮೇಲೆ ಬರ್ತಿತ್ತು. ಒಳ್ಳೇದು ಕೊಟ್ರೆ ನೀನು ಬಾಯಿ ಬಿಡ್ತೀಯ ಅಂತ ಗೊತ್ತಿತ್ತು. ಬೋರ್ಡ್ ಬಗ್ಗೆ ಯಾರಾದ್ರೂ ಕೇಳಿದ್ರೆ ನಿನಗೆ ಮೈಮೇಲೆ ಪ್ರಜ್ಞೆ ಇರುತ್ತಾ ಚಿಮಟ?’

ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವಳನ್ನು ಭೂಮಿಯ ಮೇಲೆ ಪೂರ್ತಿಯಾಗಿ ಅರ್ಥ ಮಾಡಿಕೊಂಡಿದ್ದ ಮನುಷ್ಯ ಅವನೊಬ್ಬನೇ.

ಏಳು ಯಂತ್ರಗಳ ಬೋರ್ಡನ್ನೂ ಅವಳೇ ಬದಲಾಯಿಸಿದಳು. ಎಲ್ಲವೂ ದಿನಗಟ್ಟಲೆ ಓಡಿದವು. ಸಾಹೇಬರಿಗೆ ಎಷ್ಟು ಸಮಾಧಾನವಾಯಿತೆಂದರೆ, ತಿಂಗಳಿಗೊಂದು ದಿನ ಯಂತ್ರ ನೋಡಿಕೊಳ್ಳುವ ಗುತ್ತಿಗೆಯನ್ನೂ ಅಂಗಡಿಗೇ ಕೊಟ್ಟರು. ಕೊಟ್ಟಿದ್ದು ಅಣ್ಣನಿಗೆ. ಅಣ್ಣ ಕಳಿಸುವುದು ಯಾರನ್ನು? ತನ್ನದಾಗಬೇಕಿದ್ದ ಕೆಲಸವನ್ನು ಅವಳು ಈಗ ತಿಂಗಳಿಗೊಮ್ಮೆ ಬಿಟ್ಟಿಯಾಗಿ ಮಾಡಿ ಬರಬೇಕು.

ಮೊದಲ ಸೋಮವಾರ ಹೋದಳು. ಯಾರೂ ಬಾ ಅನ್ನಲಿಲ್ಲ, ಯಾಕೆ ಬಂದೆ ಅಂತಲೂ ಅನ್ನಲಿಲ್ಲ. ಹಿತ್ತಿಲ ಕಡೆಯ ಕೋಣೆಯಲ್ಲಿ ಹಳೆ ನಕ್ಷೆಗಳ ಸುರುಳಿ ತುಂಬಿದ್ದರು. ಆರು ಮೇಜು ಮುಗಿಸಿ ಏಳನೆಯದಕ್ಕೆ ಬಂದಳು. ಯಂತ್ರ ಅಲ್ಲೇ ಇತ್ತು, ಹೊಸಬರನ್ನು ಇನ್ನೂ ತಗೊಂಡಿರಲಿಲ್ಲ. ಬೆಳಗಿನಿಂದ ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿತ್ತು. ಕುರ್ಚಿ ಎಳೆದುಕೊಂಡಳು. ಕನ್ನಡಕದ ಹುಡುಗಿ ತಲೆಯೆತ್ತಿ ನೋಡಿದಳು.

‘ಅವರನ್ನ ವಾಪಸ್ ಕರೀಲಿಲ್ವಾ?’ ಅಂತ ಚಿಮಟಕ್ಕ ಮೆಲ್ಲಗೆ ಕೇಳಿದಳು.

‘ಸಾಹೇಬರೇ ಮನೆಗೆ ಹೋಗಿ ಕರೆದ್ರು. ಬರಲ್ಲ ಅಂದ್ರಂತೆ. ನನ್ನ ಕೈಯೇ ನಿಧಾನ, ಯಂತ್ರದ ಮೇಲೆ ಯಾಕೆ ಹಾಕ್ತೀರಿ ಅಂದ್ರಂತೆ. ಈಗ ಅವರೇ ಅದನ್ನ ನಂಬಿಬಿಟ್ಟಿದಾರೆ.’ ಹುಡುಗಿ ಕುರ್ಚಿಯ ಕಡೆ ಕೈ ತೋರಿಸಿದಳು. ‘ಅದು ಅವರ ಕುರ್ಚಿ. ನೀವು ಅದರಲ್ಲಿ ಕೂರ್ಬೇಡಿ.’

ಚಿಮಟಕ್ಕ ಕುರ್ಚಿಯನ್ನು ಮೇಜಿನ ಕೆಳಗೆ ಹಿಂದಕ್ಕೆ ತಳ್ಳಿದಳು. ಉಳಿದ ಕೆಲಸವನ್ನು ನಿಂತುಕೊಂಡೇ ಮುಗಿಸಿದಳು.